ಮೀಟಿಂಗ್‌ನಲ್ಲಿ ನನ್ನ ತಂಡ ಬಾಯಿ ಬಿಡುವುದಿಲ್ಲ. ಬದಲಾಗಬೇಕಾದದ್ದು ಅವರೋ, ನಾನೋ?

ಪೆಟ್ಟಿಗೆಯವನು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ಬಿಡುವು ಮಾಡಿಕೊಂಡು ಓದಿ.

ರಟ್ಟಿನ ಪೆಟ್ಟಿಗೆಗಳನ್ನು ವಿನ್ಯಾಸ ಮಾಡಿಕೊಡುವ ಸಂಸ್ಥೆಯೊಂದರಲ್ಲಿ ಒಂಬತ್ತು ಜನರ ತಂಡವನ್ನು ನೋಡಿಕೊಳ್ಳುತ್ತಿದ್ದೇನೆ. ಮೊದಲು ನಾನೂ ವಿನ್ಯಾಸಕನೇ. ಮುಖ್ಯಸ್ಥನಾಗಿ ಎರಡು ವರ್ಷವಾಯಿತು. ಕಳೆದ ತಿಂಗಳು ಎರಡು ದಿನದ ತರಬೇತಿ ಶಿಬಿರಕ್ಕೆ ಹೋಗಿ ಬಂದೆ. ಮೊದಲ ದಿನ ಬೆಳಿಗ್ಗೆ ಸೃಜನಶೀಲತೆ, ಮಧ್ಯಾಹ್ನ ನಾಯಕತ್ವ, ಮರುದಿನ ಪೂರ್ತಿ ಮೈಂಡ್‌ಫುಲ್‌ನೆಸ್, ಅಂದರೆ ಮಾಡುತ್ತಿರುವುದರ ಮೇಲೆ ಎಚ್ಚರವಿಡುವುದು. ಎಲ್ಲವೂ ಮನಸ್ಸಿಗೆ ಹಿಡಿಸಿತು. ಹುರುಪಿನಿಂದ ಬಂದವನೇ ಮೀಟಿಂಗ್ ಕರೆದು, "ಹೊಸ ಯೋಚನೆಗಳನ್ನು ಹೇಳಿ, ಯಾವುದೂ ತಪ್ಪಲ್ಲ" ಎಂದೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ಕೊನೆಗೆ ನಾನೇ ನಾಲ್ಕು ಯೋಚನೆ ಹೇಳಿದೆ, ಎಲ್ಲರೂ ತಲೆಯಾಡಿಸಿದರು, ಮೀಟಿಂಗ್ ಮುಗಿಯಿತು.

ಅದಾದ ಕೆಲವೇ ದಿನಕ್ಕೆ ನಡೆದದ್ದು ಇದು. ತಂಡದ ಕಿರಿಯ ವಿನ್ಯಾಸಕಿ ಒಂದು ಮಾದರಿ ಪೆಟ್ಟಿಗೆ ಹಿಡಿದು ನನ್ನ ಮೇಜಿನ ಬಳಿ ಬಂದು, "ಸರ್, ಈ ಮುಚ್ಚಳ..." ಎಂದರು. ನನ್ನ ಕಣ್ಣು ಮೊಬೈಲ್ ಮೇಲಿತ್ತು. "ಆಮೇಲೆ ನೋಡೋಣ" ಎಂದೆ. ಅವರು ಹೆಬ್ಬೆರಳಿನಿಂದ ಮುಚ್ಚಳವನ್ನು ಒತ್ತುತ್ತಿದ್ದರು, ಬೆರಳು ತೆಗೆದೊಡನೆ ಅದು ಮತ್ತೆ ಏಳುತ್ತಿತ್ತು. ನನ್ನ ಕಣ್ಣಿಗೆ ಅದು ಬಿದ್ದಿತ್ತು, ಮನಸ್ಸಿಗೆ ಬೀಳಲಿಲ್ಲ. ಮೂರು ವಾರದ ನಂತರ ಗಿರಾಕಿಯಿಂದ ಇಡೀ ಲಾಟ್ ವಾಪಸ್ ಬಂತು. ಮುಚ್ಚಳ ನಿಲ್ಲುತ್ತಿಲ್ಲ ಎಂಬ ದೂರು. "ಮೊದಲೇ ಏಕೆ ಹೇಳಲಿಲ್ಲ?" ಎಂದು ಎಲ್ಲರೆದುರು ಕೇಳಿದೆ. "ಹೇಳಲು ಬಂದಿದ್ದೆ ಸರ್" ಎಂದರು. ಅಷ್ಟೇ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನನ್ನ ಪ್ರಶ್ನೆ ಇಷ್ಟು: ಸೃಜನಶೀಲತೆ, ನಾಯಕತ್ವ, ಎಚ್ಚರ ಎಂದು ಶಿಬಿರದಲ್ಲಿ ಮೂರು ಪಾಠ ಮಾಡಿದರಲ್ಲ, ಇವನ್ನು ನಿಜವಾಗಿಯೂ ಬೆಳೆಸಿಕೊಳ್ಳಲು ಸಾಧ್ಯವೇ? ಸಾಧ್ಯವಾದರೆ ಮೊದಲು ಯಾವುದು?

ನೇರಮಾತು:
ಉತ್ತರವನ್ನು ನೀವೇ ಬರೆದಿದ್ದೀರಿ. ಕಣ್ಣು ಮೊಬೈಲ್ ಮೇಲಿತ್ತು. ಅದಕ್ಕೆ ಶಿಬಿರ ಬೇಕಿರಲಿಲ್ಲ.

ಮೊದಲ ಬೆಂಚು:
ಎಲ್ಲರೆದುರು ಕೇಳಿದಿರಲ್ಲ, ಅದೇ ನನಗೆ ಹೆಚ್ಚು ನೋವಾದ ಸಾಲು.

ರಾತ್ರಿಪಾಳಿ:
ನಾನು ಹತ್ತೊಂಬತ್ತು ವರ್ಷದಿಂದ ನರ್ಸ್. ನಿಮ್ಮ ಬರಹ ಓದಿದಾಗ ಎದೆಯಲ್ಲಿ ಏನೋ ಚುಚ್ಚಿದಂತಾಯಿತು, ಏಕೆಂದರೆ ಆ ಮುಚ್ಚಳದ ಜಾಗದಲ್ಲಿ ನಮ್ಮಲ್ಲಿ ರೋಗಿ ಇರುತ್ತಾರೆ.

ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಅವರು ಎಣಿಸಿದ್ದರು. ಲೆಕ್ಕ ತಿರುಗಾಮುರುಗಾ ಬಂತು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿಯವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂದು ಇದರ ಅರ್ಥವಲ್ಲ. ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು. ಆ ದಾರಿಯಲ್ಲೇ ಮುಂದುವರಿದು 1999ರಲ್ಲಿ ಅವರು ತಂಡಗಳ 'ಮಾನಸಿಕ ಸುರಕ್ಷತೆ'ಯ ಬಗ್ಗೆ, ಅಂದರೆ ಬಾಯಿ ಬಿಟ್ಟರೆ ತೊಂದರೆಯಿಲ್ಲ ಎಂಬ ನಂಬಿಕೆಯ ಬಗ್ಗೆ ಬರೆದರು.

ನನ್ನ ಮೊದಲ ಹಿರಿಯ ಸಿಸ್ಟರ್ ಪಾಳಿ ಬದಲಾಗುವಾಗ "ಏನಾದರೂ ಕೇಳುವುದಿದೆಯೇ?" ಎಂದು ಎಂದೂ ಕೇಳಿದವರಲ್ಲ. ಆ ಪ್ರಶ್ನೆಗೆ ಎಲ್ಲರ ಬಾಯಲ್ಲೂ "ಇಲ್ಲ" ಎಂದೇ ಬರುತ್ತದೆ. ಅವರು ಕೇಳುತ್ತಿದ್ದದ್ದು, "ನಾನು ಏನನ್ನು ನೋಡದೆ ಬಿಟ್ಟಿದ್ದೇನೆ?" ಏನೋ ಬಿಟ್ಟುಹೋಗಿದೆ ಎಂದು ಅವರೇ ಒಪ್ಪಿಕೊಂಡ ಮೇಲೆ ನಮಗೆ ಹೇಳಲು ಅಂಜಿಕೆ ಏಕೆ? ಕೆಲಸಕ್ಕೆ ಸೇರಿ ಎರಡೇ ವಾರವಾಗಿದ್ದ ನಾನು, "ಮೂರನೆಯ ಹಾಸಿಗೆಯವರ ಕಾಲು ನಿನ್ನೆಗಿಂತ ಊದಿದೆ ಸಿಸ್ಟರ್" ಎಂದೆ. ಅವರು ಪೆನ್ನು ಕೆಳಗಿಟ್ಟು, ಎದ್ದು ನನ್ನ ಜೊತೆ ಬಂದು ನೋಡಿದರು. ಪೆನ್ನು ಕೆಳಗಿಟ್ಟದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಕಾಗದದ ದೋಣಿ:
ಮನಶ್ಶಾಸ್ತ್ರ ಓದಿದವಳು, ಹಾಗಾಗಿ ಮೀಟಿಂಗ್ ವಿಷಯಕ್ಕೆ ಬರುತ್ತೇನೆ. ಗುಂಪಾಗಿ ಕುಳಿತು ಬಾಯಿಗೆ ಬಂದ ಯೋಚನೆ ಹೇಳುವ ಬ್ರೈನ್‌ಸ್ಟಾರ್ಮಿಂಗ್ ಪದ್ಧತಿಯನ್ನು ಬಳಕೆಗೆ ತಂದವರು ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬರ್ನ್. 1953ರಲ್ಲಿ ಅವರು ಬರೆದ ಪುಸ್ತಕದಿಂದ ಅದು ಎಲ್ಲೆಡೆ ಹರಡಿತು. ಐದೇ ವರ್ಷದಲ್ಲಿ, 1958ರಲ್ಲಿ, ಯೇಲ್ ವಿಶ್ವವಿದ್ಯಾಲಯದವರು ಅದನ್ನು ಒರೆಗೆ ಹಚ್ಚಿದರು. ಒಟ್ಟಿಗೆ ಕುಳಿತ ನಾಲ್ವರಿಗಿಂತ, ಬೇರೆಬೇರೆಯಾಗಿ ಕುಳಿತು ಯೋಚಿಸಿದ ನಾಲ್ವರ ಪಟ್ಟಿ ಕೂಡಿಸಿದಾಗ ಹೆಚ್ಚು ಯೋಚನೆಗಳು ಸಿಕ್ಕವು. ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಮರೆತುಹೋಗುತ್ತದೆ. ಇದೇ ದೊಡ್ಡ ಕಾರಣ ಎಂದು 1987ರಲ್ಲಿ ಡೀಲ್ ಮತ್ತು ಶ್ಟ್ರೋಬ ಎಂಬ ಸಂಶೋಧಕರು ತೋರಿಸಿದರು.

ಆದ್ದರಿಂದ ಮೊದಲು ಹತ್ತು ನಿಮಿಷ ಎಲ್ಲರೂ ಮೌನವಾಗಿ ಚೀಟಿಯಲ್ಲಿ ಬರೆಯಲಿ. ಮಾತು ಆಮೇಲೆ. ಮತ್ತೆ, ನೀವು ಕೊನೆಗೆ ಮಾತನಾಡಿ. ಮುಖ್ಯಸ್ಥರು ನಾಲ್ಕು ಯೋಚನೆ ಹೇಳಿದ ಮೇಲೆ ಐದನೆಯದನ್ನು ಹೇಳುವವರು ಯಾರು?

ಸೂಜಿದಾರ:
ಎಲ್ಲರೂ ಕೇಳಿಸಿಕೊಳ್ಳಿ ಎನ್ನುತ್ತಿದ್ದೀರಿ. ನಾನು ಇಪ್ಪತ್ತೆರಡು ಜನ ಕೆಲಸ ಮಾಡುವ ಹೊಲಿಗೆ ಘಟಕ ನಡೆಸುತ್ತೇನೆ. ಒಂದು ತೋಳಿನ ಹೊಲಿಗೆ ಹೀಗಿರಲಿ, ಹಾಗಿರಲಿ ಎಂದು ಇಪ್ಪತ್ತೆರಡು ಜನರ ಮಾತು ಕೇಳುತ್ತಾ ಕುಳಿತರೆ ಗಾಡಿ ಬಂದು ಬಾಗಿಲಲ್ಲಿ ನಿಂತಿರುತ್ತದೆ. ನಾಯಕ ಎಂದರೆ ತೀರ್ಮಾನ ಮಾಡುವವನು. ಅದು ತಪ್ಪಾದರೆ ಹೊಣೆ ಹೊರುವವನೂ ಅವನೇ.

ರಾತ್ರಿಪಾಳಿ:
@ಸೂಜಿದಾರ, ನಮ್ಮ ತುರ್ತು ಚಿಕಿತ್ಸಾ ಘಟಕದಲ್ಲೂ ತೀರ್ಮಾನ ಒಬ್ಬರದೇ. ಆದರೆ ಕಂಡದ್ದನ್ನು ಹೇಳುವ ಹಕ್ಕು ಎಲ್ಲರದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಸೂಜಿದಾರ:
ಒಪ್ಪಿದೆ. ನಾನು ಮಾಡುವುದೂ ಹಾಗೆಯೇ, ಬರೆಯುವಾಗ ಬಿರುಸಾಯಿತು. ಬಟ್ಟೆ ಕತ್ತರಿಸುವ ಮೊದಲು ಎಲ್ಲರನ್ನೂ ಕೇಳುತ್ತೇನೆ. "ಹನ್ನೊಂದರವರೆಗೆ ಹೇಳಿ, ಹನ್ನೊಂದಕ್ಕೆ ಕತ್ತರಿ ಬೀಳುತ್ತದೆ" ಎನ್ನುತ್ತೇನೆ. ಗಡುವು ಗೊತ್ತಿದ್ದರೆ ಜನ ಹೇಳುತ್ತಾರೆ. ಕತ್ತರಿ ಬಿದ್ದ ಮೇಲೆ ವಾದವಿಲ್ಲ.

ಮೌನಿ:
ಮೊದಲು ಯಾವುದು ಎಂದು ಕೇಳಿದಿರಿ. ನನ್ನ ಉತ್ತರ: ಎಚ್ಚರ. ದಿನಕ್ಕೆ ಹತ್ತು ನಿಮಿಷ ಉಸಿರನ್ನು ಗಮನಿಸುತ್ತಾ ಕುಳಿತುಕೊಳ್ಳಿ. ಮನಸ್ಸು ಓಡಿದ್ದು ಗೊತ್ತಾದಾಗ ಬೈದುಕೊಳ್ಳದೆ ಮರಳಿ ತನ್ನಿ. ಆ 'ಗೊತ್ತಾಗುವುದು' ಇದೆಯಲ್ಲ, ಅದೇ ಅಭ್ಯಾಸ. ನಾನು ಏಳು ವರ್ಷದಿಂದ ಮಾಡುತ್ತಿದ್ದೇನೆ. ಸಿಟ್ಟು ಬರುವುದು ನಿಂತಿಲ್ಲ, ಆದರೆ ಬರುತ್ತಿರುವುದು ಗೊತ್ತಾಗುತ್ತದೆ.

ನೇರಮಾತು:
@ಮೌನಿ, ಇದನ್ನೇ ಕಂಪನಿಗಳು ಈಗ ದುಡಿಮೆ ಹೆಚ್ಚಿಸುವ ಗುಳಿಗೆಯಂತೆ ಹಂಚುತ್ತಿವೆ. 2018ರಲ್ಲಿ ಹಾಫನ್‌ಬ್ರಾಕ್ ಮತ್ತು ವೋಸ್ ಎಂಬ ಸಂಶೋಧಕರು ಪರೀಕ್ಷಿಸಿ ನೋಡಿದರು. ಅಲ್ಪ ಹೊತ್ತು ಧ್ಯಾನ ಮಾಡಿದವರಿಗೆ ಮುಂದಿನ ಕೆಲಸದ ಮೇಲಿನ ಹುಮ್ಮಸ್ಸು ಕಡಿಮೆಯಾಗಿತ್ತು. ಕೆಲಸದ ಗುಣಮಟ್ಟ ಏರಲೂ ಇಲ್ಲ, ಇಳಿಯಲೂ ಇಲ್ಲ. ಜನರ ಮೇಲೆ ಹೊರೆ ಹೇರಿ, ಆಮೇಲೆ ಉಸಿರು ಗಮನಿಸಿ ಎಂದು ಹೇಳುವುದು ಅನ್ಯಾಯ. ಇದನ್ನು ನಾನು ಕೋಪದಿಂದಲೇ ಹೇಳುತ್ತಿದ್ದೇನೆ. ನನ್ನ ಹಳೆಯ ಕೆಲಸದಲ್ಲಿ ಇಬ್ಬರು ಮಾಡುತ್ತಿದ್ದ ಕೆಲಸವನ್ನು ನನ್ನೊಬ್ಬನಿಗೆ ಕೊಟ್ಟು, ಧ್ಯಾನದ ಆ್ಯಪ್‌ಗೆ ಚಂದಾ ಕಟ್ಟಿಕೊಟ್ಟಿದ್ದರು.

ಮೌನಿ:
ನಿಮಗೆ ಆದದ್ದು ಅನ್ಯಾಯವೇ. ಆದರೆ ಆ ಅಧ್ಯಯನ ನನ್ನ ಮಾತಿಗೆ ವಿರುದ್ಧವಲ್ಲ. ಧ್ಯಾನ ಹುಮ್ಮಸ್ಸು ತುಂಬುತ್ತದೆ ಎಂದು ನಾನು ಹೇಳಲೇ ಇಲ್ಲ. ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಮೈಂಡ್‌ಫುಲ್‌ನೆಸ್ ತರಬೇತಿ ಶುರು ಮಾಡಿದ್ದು ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದವರಿಗಾಗಿ. ಚಿಕಿತ್ಸೆಗೆ ಬಗ್ಗದ ನೋವಿನ ಜೊತೆ ಬಾಳುವುದು ಹೇಗೆ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ಮಾರಾಟದ ಗುರಿ ಮುಟ್ಟುವುದು ಹೇಗೆ ಎಂಬುದಲ್ಲ.

ಅರ್ಧವಿರಾಮ:
ನಡುವೆ ಬಾಯಿ ಹಾಕುತ್ತೇನೆ, ಕರಡು ತಿದ್ದುವುದು ನನ್ನ ಕೆಲಸ. ಮೈಂಡ್‌ಫುಲ್‌ನೆಸ್ ಎಂದೇ ಏಕೆ ಬರೆಯಬೇಕು? ಪಾಳಿ ಭಾಷೆಯ 'ಸತಿ' ಎಂಬ ಪದಕ್ಕೆ ವಿದ್ವಾಂಸ ರೀಸ್ ಡೇವಿಡ್ಸ್ 19ನೇ ಶತಮಾನದ ಕೊನೆಗೆ ಕೊಟ್ಟ ಇಂಗ್ಲಿಷ್ ರೂಪ ಅದು. ಸಂಸ್ಕೃತದಲ್ಲಿ 'ಸ್ಮೃತಿ'. ನಮ್ಮಲ್ಲಿ 'ಸಾವಧಾನ' ಇದೆ. ಈಗ ಅದನ್ನು 'ನಿಧಾನ' ಎಂಬ ಅರ್ಥದಲ್ಲಿ ಬಳಸುತ್ತೇವೆ, ಆದರೆ ಬಿಡಿಸಿ ನೋಡಿದರೆ 'ಅವಧಾನದೊಡನೆ', ಅಂದರೆ ಗಮನವಿಟ್ಟು.

ಮೊದಲ ಬೆಂಚು:
'ಎಚ್ಚರ' ಸಾಕಲ್ಲವೇ?

ಅರ್ಧವಿರಾಮ:
'ಎಚ್ಚರ' ಎಂದರೆ ನಿದ್ದೆಯಿಂದ ಎದ್ದಿರುವುದೂ ಹೌದು, ಅಪಾಯವಿದೆ ಎಂಬ ಸೂಚನೆಯೂ ಹೌದು. 'ಎಚ್ಚರ' ಎಂಬ ಫಲಕ ಕಂಡರೆ ಮೈ ಬಿಗಿಯಾಗುತ್ತದೆ, 'ಸಾವಧಾನ' ಎಂದರೆ ಸಡಿಲವಾಗುತ್ತದೆ. 'ಸಾವಧಾನವಾಗಿ ಹೇಳಿ' ಎಂದು ಮನೆಯ ಹಿರಿಯರು ಹೇಳಿದಾಗ ಅದರಲ್ಲಿ ನಿಧಾನವೂ ಇರುತ್ತದೆ, ನಾನು ಕೇಳುತ್ತಿದ್ದೇನೆ ಎಂಬ ಭರವಸೆಯೂ ಇರುತ್ತದೆ. ಪೆಟ್ಟಿಗೆಯವರ ಮೇಜಿನ ಬಳಿ ಆ ಹುಡುಗಿಗೆ ಬೇಕಾಗಿದ್ದದ್ದು ಆ ಒಂದು ಮಾತು.

ಕಾಗದದ ದೋಣಿ:
ಕಣ್ಣು ಮುಚ್ಚಿ ಕೂರುವುದೊಂದೇ ದಾರಿಯಲ್ಲ ಎಂಬುದನ್ನೂ ಸೇರಿಸುತ್ತೇನೆ. ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಮೈಂಡ್‌ಫುಲ್‌ನೆಸ್ ಎಂಬ ಪದವನ್ನು ಧ್ಯಾನವಿಲ್ಲದೆ ಬಳಸುತ್ತಾರೆ: ಗೊತ್ತಿರುವ ವಸ್ತುವಿನಲ್ಲಿ ಹೊಸದನ್ನು ಗುರುತಿಸುವುದು. ಅವರ ತಂಡ 1978ರಲ್ಲಿ ಪ್ರಕಟಿಸಿದ ಜೆರಾಕ್ಸ್ ಯಂತ್ರದ ಪ್ರಯೋಗ ಹೀಗಿತ್ತು. ಸಾಲಿನಲ್ಲಿ ಮುಂದಿದ್ದವರನ್ನು "ಐದು ಪುಟವಿದೆ, ನಾನು ಮೊದಲು ಮಾಡಿಕೊಳ್ಳಲೇ?" ಎಂದು ಕೇಳಿದಾಗ 60ರಷ್ಟು ಪ್ರತಿಶತ ಜನ ಬಿಟ್ಟುಕೊಟ್ಟರು. "ಏಕೆಂದರೆ ನನಗೆ ಅವಸರವಿದೆ" ಎಂದಾಗ 94. "ಏಕೆಂದರೆ ನನಗೆ ಪ್ರತಿ ಮಾಡಿಕೊಳ್ಳಬೇಕು" ಎಂಬ ಅರ್ಥವಿಲ್ಲದ ಕಾರಣ ಕೊಟ್ಟಾಗಲೂ 93! 'ಏಕೆಂದರೆ' ಎಂಬ ಸದ್ದು ಕೇಳಿದ್ದೇ ಸಾಕಾಯಿತು. ಪುಟಗಳ ಸಂಖ್ಯೆ ಇಪ್ಪತ್ತಾದಾಗ ಮಾತ್ರ ಜನ ಕಾರಣವನ್ನು ತೂಗಿ ನೋಡಿದರು, ಅರ್ಥವಿಲ್ಲದ ಕಾರಣಕ್ಕೆ ಬಿಟ್ಟುಕೊಟ್ಟವರು 24 ಪ್ರತಿಶತಕ್ಕೆ ಇಳಿದರು. "ಆಮೇಲೆ ನೋಡೋಣ" ಎಂಬುದೂ ಹಾಗೆಯೇ ಬಾಯಿಂದ ತಾನಾಗಿ ಜಾರುವ ಮಾತು.

ಇಬ್ಬರ ಅಮ್ಮ:
ವ್ಯಾಪಾರದ ಚರ್ಚೆಯಲ್ಲಿ ಮನೆಯ ಮಾತು ತರುತ್ತಿದ್ದೇನೆ, ಕ್ಷಮೆ ಇರಲಿ. ನನ್ನ ಐದು ವರ್ಷದ ಮಗಳು ಒಂದು ಚಿತ್ರ ತಂದು ತೋರಿಸಿದಳು. "ಚೆನ್ನಾಗಿದೆ ಪುಟ್ಟ" ಎಂದೆ. "ನೀನು ನೋಡಲೇ ಇಲ್ಲ" ಎಂದು ಹಾಳೆ ಕಿತ್ತುಕೊಂಡಳು. ಕೆಲಸ ಬಿಟ್ಟು ಅವಳ ಪಕ್ಕ ನೆಲದ ಮೇಲೆ ಕುಳಿತು ನೋಡಿದೆ. ಮನುಷ್ಯನ ಒಂದು ಕೈಯಲ್ಲಿ ಐದು ಬೆರಳು, ಇನ್ನೊಂದರಲ್ಲಿ ಒಂಬತ್ತು. ತಪ್ಪೆಂದು ಹೇಳಲು ಬಾಯಿ ತೆರೆದಿದ್ದೆ, ಹೇಗೋ ತಡೆದು "ಇಲ್ಲಿ ಏಕೆ ಹೆಚ್ಚು?" ಎಂದೆ. "ಅವನು ಕೈ ಬೀಸುತ್ತಿದ್ದಾನಲ್ಲ!" ಎಂದಳು. ಬೀಸುವ ಕೈಯಲ್ಲಿ ಬೆರಳು ಹೆಚ್ಚಾಗಿ ಕಾಣುವುದು ನಿಜವಲ್ಲವೇ? ನಾನು ಅರೆಕ್ಷಣ ಮೊದಲು ಮಾತನಾಡಿದ್ದರೆ ಆ ಕೈ ಬೀಸುತ್ತಿರುವುದು ನನಗೆ ಎಂದೂ ತಿಳಿಯುತ್ತಿರಲಿಲ್ಲ.

ಸೀಮೆಸುಣ್ಣ:
@ಇಬ್ಬರ ಅಮ್ಮ, ಆ ಅರೆಕ್ಷಣದ ಮೇಲೆಯೇ ಸಂಶೋಧನೆ ನಡೆದಿದೆ. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಮಾತನಾಡದ ಮಕ್ಕಳು ಮಾತನಾಡಿದರು, "ಗೊತ್ತಿಲ್ಲ" ಎಂಬುದು ಕಡಿಮೆಯಾಯಿತು. ಉತ್ತರ ಬಂದ ಮೇಲೆ ಕಾಯುವುದೂ ಅಷ್ಟೇ ಮುಖ್ಯ ಎಂದು ಅವರು ಕಂಡುಕೊಂಡರು.

ನಾನು ಮೇಷ್ಟರು, ಇದನ್ನು ಮಾಡಿ ನೋಡಿದ್ದೇನೆ. ಮೂರು ಸೆಕೆಂಡ್ ಎಂದರೆ ಏನು ಮಹಾ ಎನ್ನಿಸುತ್ತದೆ. ನಲವತ್ತು ಕಣ್ಣುಗಳ ಮುಂದೆ ಅದು ಯುಗದಂತಿರುತ್ತದೆ, ಸುಣ್ಣದ ಕಡ್ಡಿ ಹಿಡಿದ ಬೆರಳು ತಾನಾಗಿ ಬೋರ್ಡಿನ ಕಡೆ ಹೋಗುತ್ತದೆ. ನಾನು ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಲ್ಲುವುದನ್ನು ರೂಢಿ ಮಾಡಿಕೊಂಡೆ. @ಪೆಟ್ಟಿಗೆಯವನು, ನೀವು ಎಷ್ಟು ಹೊತ್ತು ಕಾದು ನಿಮ್ಮ ನಾಲ್ಕು ಯೋಚನೆ ಹೇಳಿದಿರಿ?

ಪೆಟ್ಟಿಗೆಯವನು:
ಯುಗ ಕಳೆದಂತೆ ಅನಿಸಿತ್ತು. ಈಗ ಯೋಚಿಸಿದರೆ ಐದು ಸೆಕೆಂಡ್ ಕೂಡ ಆಗಿರಲಾರದು.

ನೀಲಿ ಟೊಪ್ಪಿಗೆ:
ಕಾರ್ಖಾನೆಯ ಮಾತು ಹೇಳುತ್ತೇನೆ. ಟೊಯೋಟಾದ ಜೋಡಣಾ ಸಾಲಿನಲ್ಲಿ ಹಗ್ಗವೊಂದಿರುತ್ತದೆ (ಈಗ ಕೆಲವೆಡೆ ಗುಂಡಿ), ಆಂಡಾನ್ ಹಗ್ಗ ಎನ್ನುತ್ತಾರೆ. ಯಾವ ಕೆಲಸಗಾರ ಬೇಕಾದರೂ ಎಳೆಯಬಹುದು. ಎಳೆದೊಡನೆ ಸಾಲು ನಿಲ್ಲುವುದಿಲ್ಲ. ದೀಪ ಹೊತ್ತುತ್ತದೆ, ತಂಡದ ಮುಂದಾಳು ಓಡಿ ಬರುತ್ತಾನೆ, ಆ ಹಂತ ಮುಗಿಯುವುದರೊಳಗೆ ತೊಡಕು ಬಗೆಹರಿಯದಿದ್ದರೆ ಮಾತ್ರ ನಿಲ್ಲುತ್ತದೆ. ನಮ್ಮಲ್ಲೂ ಅದನ್ನು ನೋಡಿ ಗುಂಡಿ ಹಾಕಿಸಿದರು. ಮೊದಲ ದಿನ ಒತ್ತಿದವನ ಹತ್ತಿರ ಹೋಗಿ ಮೇಲಿನವರು, "ಯಾರು ನಿಲ್ಲಿಸಿದ್ದು?" ಎಂದರು. ಆಮೇಲೆ ತಿಂಗಳುಗಟ್ಟಲೆ ಆ ಗುಂಡಿಯ ಮೇಲೆ ದೂಳು ಕುಳಿತಿತ್ತು. ಹೊಸ ಮೇಲ್ವಿಚಾರಕರು ಬಂದು "ಏನು ಕಾಣಿಸಿತು?" ಎಂದು ಕೇಳಲು ಶುರು ಮಾಡಿದ ಮೇಲೆ ದೂಳು ಹೋಯಿತು. ಗುಂಡಿ ಅದೇ, ಯಂತ್ರ ಅದೇ. @ಪೆಟ್ಟಿಗೆಯವನು, "ಏಕೆ ಹೇಳಲಿಲ್ಲ" ಎಂಬುದು "ಯಾರು ನಿಲ್ಲಿಸಿದ್ದು" ಎಂಬುದರ ಅಣ್ಣ.

ನೇರಮಾತು:
ಇದನ್ನು ಪೂರ್ತಿ ಒಪ್ಪುತ್ತೇನೆ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತರು. ದಟ್ಟ ಮಂಜು. ಮೇಲೇರಲು ಓಡುತ್ತಿದ್ದ ವಿಮಾನದ ಫ್ಲೈಟ್ ಎಂಜಿನಿಯರ್, ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವೇನೋ ಎಂದು ಸಂದೇಹದಿಂದ ಕೇಳಿದ್ದರು. ಹಿರಿಯ ಕ್ಯಾಪ್ಟನ್ ಬಿಟ್ಟಿದೆ ಎಂದು ಖಚಿತವಾಗಿ ಹೇಳಿ ಮುಂದುವರಿದರು. ಕಿರಿಯರ ಮಾತಿಗೆ ಬೆಲೆ ಕೊಡುವುದನ್ನು ಚಾಲಕರಿಗೆ ಕಲಿಸಬೇಕು ಎಂಬ ತರಬೇತಿ ಬೆಳೆದದ್ದು ಇಂಥ ಅಪಘಾತಗಳಿಂದ, 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದ ನಂತರ. ಹಾಗಾಗಿ ತರಬೇತಿಯಿಂದ ಏನೂ ಆಗದು ಎಂಬ ಧಾಟಿಯಲ್ಲಿ ಮೊದಲು ಬರೆದದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಎರಡು ದಿನದ್ದು ಸಾಲದು, ವರ್ಷ ವರ್ಷ ನಡೆಯಬೇಕು.

ಮೊದಲ ಬೆಂಚು:
ಒಳ್ಳೆಯ ಯೋಚನೆಗೆ ನಗದು ಬಹುಮಾನ ಇಟ್ಟರೆ?

ಕಾಗದದ ದೋಣಿ:
ಬೇಡ. ಕಾರ್ಲ್ ಡಂಕರ್ ರೂಪಿಸಿದ ಮೇಣದಬತ್ತಿ ಸಮಸ್ಯೆ ಎಂಬುದೊಂದಿದೆ. ಮೇಣದಬತ್ತಿ, ಬೆಂಕಿಕಡ್ಡಿ, ಪೆಟ್ಟಿಗೆ ತುಂಬ ಪಿನ್ನು ಕೊಟ್ಟು, ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಎನ್ನುತ್ತಾರೆ. ಪಿನ್ನುಗಳನ್ನು ಸುರಿದು ಖಾಲಿ ಪೆಟ್ಟಿಗೆಯನ್ನೇ ಗೋಡೆಗೆ ಚುಚ್ಚಿ ಅದರ ಮೇಲೆ ಬತ್ತಿ ಇಡಬೇಕು. 1962ರಲ್ಲಿ ಸ್ಯಾಮ್ ಗ್ಲಕ್ಸ್‌ಬರ್ಗ್ ಇದಕ್ಕೆ ಹಣದ ಬಹುಮಾನ ಇಟ್ಟು ನೋಡಿದರು. ಬಹುಮಾನದ ಆಸೆ ಇದ್ದವರೇ ಹೆಚ್ಚು ಹೊತ್ತು ತೆಗೆದುಕೊಂಡರು.

ಸೂಜಿದಾರ:
ನನ್ನ ಘಟಕದಲ್ಲಿ ಹೆಚ್ಚು ಹೊಲಿದವರಿಗೆ ಹೆಚ್ಚು ಕೊಡುತ್ತೇನೆ, ಕೆಲಸ ಓಡುತ್ತದೆ. ಇದಕ್ಕೇನು ಹೇಳುತ್ತೀರಿ?

ಕಾಗದದ ದೋಣಿ:
ಅದೂ ಆ ಪ್ರಯೋಗದಲ್ಲೇ ಇದೆ. ಪಿನ್ನುಗಳನ್ನು ಮೊದಲೇ ಪೆಟ್ಟಿಗೆಯಿಂದ ಹೊರಗಿಟ್ಟು ಕೊಟ್ಟಾಗ ಬಹುಮಾನದವರು ಬೇಗ ಮುಗಿಸಿದರು. ದಾರಿ ಕಾಣುತ್ತಿರುವಾಗ ಹಣ ಓಡಿಸುತ್ತದೆ, ದಾರಿ ಹುಡುಕಬೇಕಾದಾಗ ಕಣ್ಣು ಕಟ್ಟುತ್ತದೆ.

ಅರ್ಧವಿರಾಮ:
ನನ್ನದೊಂದು ನಿಜವಾದ ಸಂದೇಹ. ಸದಾ ಸಾವಧಾನವಾಗಿದ್ದರೆ ಹೊಸದು ಹೊಳೆಯುವುದು ಯಾವಾಗ? ನನಗೆ ಒಳ್ಳೆಯ ಶೀರ್ಷಿಕೆಗಳೆಲ್ಲ ಪಾತ್ರೆ ತೊಳೆಯುವಾಗ ಹೊಳೆದಿವೆ, ಮನಸ್ಸು ಎಲ್ಲೋ ಅಲೆಯುವಾಗ. ಗಣಿತಜ್ಞ ಪ್ವಾಂಕಾರೆಗೆ ವಾರಗಟ್ಟಲೆ ತಿಣುಕಾಡಿದ ವಿಷಯ ಬಗೆಹರಿದದ್ದು ಪ್ರವಾಸದಲ್ಲಿ, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ. ಗ್ರಹಾಂ ವಾಲಸ್ 1926ರಲ್ಲೇ ಇದಕ್ಕೆ ಹಂತ ಹೇಳಿದರು: ಸಿದ್ಧತೆ, ಕಾವು, ಹೊಳಹು, ಪರಿಶೀಲನೆ. ಮೊಟ್ಟೆಗೆ ಕಾವು ಕೊಡುವಾಗ ಕೋಳಿ ಮೊಟ್ಟೆಯನ್ನೇ ದಿಟ್ಟಿಸುತ್ತಾ ಕೂರುವುದಿಲ್ಲ.

ಮೌನಿ:
ಒಳ್ಳೆಯ ಪ್ರಶ್ನೆ, ನಾನೂ ಇದರೊಡನೆ ಸೆಣಸಿದ್ದೇನೆ. 2010ರಲ್ಲಿ ಕಿಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಸಂಶೋಧಕರು ಫೋನ್ ಮೂಲಕ ಜನರನ್ನು ಆಗಾಗ ಕೇಳಿ ನೋಡಿದಾಗ, ಸುಮಾರು 47 ಪ್ರತಿಶತ ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ, ಆಗ ಜನ ಕಡಿಮೆ ಸಂತೋಷದಲ್ಲಿದ್ದರು. ಆದರೆ 2012ರಲ್ಲಿ ಬೆಂಜಮಿನ್ ಬೇರ್ಡ್ ತಂಡದವರು ತೋರಿಸಿದ್ದು ನಿಮ್ಮ ಪಾತ್ರೆಯ ಮಾತನ್ನೇ: ಸಮಸ್ಯೆಯೊಂದನ್ನು ಯೋಚಿಸಿದ ಮೇಲೆ, ಮನಸ್ಸು ಅಲೆಯಲು ಆಸ್ಪದವಿರುವ ಹಗುರ ಕೆಲಸ ಮಾಡಿ ಮರಳಿದವರಿಗೆ ಅದೇ ಸಮಸ್ಯೆಯಲ್ಲಿ ಹೆಚ್ಚು ಹೊಸ ಉತ್ತರ ಹೊಳೆದವು. ನನಗೆ ಅನಿಸುವುದು, ಅಲೆಯುವಾಗ ಅಲೆಯಲಿ. ಹೊಳೆದದ್ದು ಹೊಳೆಯಿತು ಎಂದು ಗೊತ್ತಾಗಲು ಒಂದು ಕ್ಷಣದ ಸಾವಧಾನ ಬೇಕು. ಮೊಬೈಲ್ ನೋಡುವಾಗ ಮನಸ್ಸು ಅಲೆಯುವುದೂ ಇಲ್ಲ, ನಿಲ್ಲುವುದೂ ಇಲ್ಲ.

ಸೀಮೆಸುಣ್ಣ:
ಕೊನೆಯ ಸಾಲು ಬರೆದಿಟ್ಟುಕೊಂಡೆ.

ನೀಲಿ ಟೊಪ್ಪಿಗೆ:
ಹೊಳೆಯುವುದು ಕ್ಷಣದಲ್ಲಿ ಎಂಬ ಮಾತಿಗೆ ತಕರಾರಿದೆ. ಪೋಸ್ಟ್-ಇಟ್ ಚೀಟಿ ನೋಡಿ. 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಸುಲಭವಾಗಿ ಬಿಟ್ಟುಬರುವ ಆ ಅಂಟನ್ನು ಕಂಡದ್ದು 1968ರಲ್ಲಿ. ಯಾರಿಗೂ ಬೇಡವಾಗಿತ್ತು. ಪ್ರಾರ್ಥನಾ ಪುಸ್ತಕದಿಂದ ಜಾರಿ ಬೀಳುವ ಗುರುತು ಚೀಟಿಗೆ ಅದು ಸರಿ ಎಂದು ಆರ್ಟ್ ಫ್ರೈ ಎಂಬ ಸಹೋದ್ಯೋಗಿಗೆ ಹೊಳೆದದ್ದು 1974ರಲ್ಲಿ. ಅಮೆರಿಕದ ಮಾರುಕಟ್ಟೆಗೆ ಪೂರ್ತಿ ಬಂದದ್ದು 1980ರಲ್ಲಿ. ಹನ್ನೆರಡು ವರ್ಷ! ಸಿಲ್ವರ್ ಅಷ್ಟು ವರ್ಷ ಸಿಕ್ಕಸಿಕ್ಕವರಿಗೆಲ್ಲ ತನ್ನ ಅಂಟಿನ ಬಗ್ಗೆ ಹೇಳುತ್ತಲೇ ಇದ್ದರು, ಯಾರೋ ಒಬ್ಬರು "ಆಮೇಲೆ ನೋಡೋಣ" ಎನ್ನದೆ ಕಿವಿಗೆ ಹಾಕಿಕೊಂಡರು.

ಪೆಟ್ಟಿಗೆಯವನು:
ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತನ್ನು ಮುದ್ರಿಸಿ ಮೇಜಿನ ಮೇಲಿಟ್ಟುಕೊಂಡಿದ್ದೆ.

ಮೊದಲು ಆ ವಿನ್ಯಾಸಕಿಯ ಬಳಿ ಹೋದೆ. ಎಲ್ಲರೆದುರು ಬೈದದ್ದನ್ನು ಎಲ್ಲರೆದುರೇ ತಿದ್ದಿಕೊಳ್ಳಬೇಕು ಎನ್ನಿಸಿತು. "ನೀವು ಹೇಳಲು ಬಂದಿದ್ದಿರಿ, ನಾನು ಕೇಳಲಿಲ್ಲ. ತಪ್ಪು ನನ್ನದು" ಎಂದೆ. ಅವರು ಏನೂ ಹೇಳಲಿಲ್ಲ, ತಲೆಯಾಡಿಸಿ ಪರದೆಯ ಕಡೆ ತಿರುಗಿದರು. ಕ್ಷಮೆ ಕೇಳಿದೊಡನೆ ಎಲ್ಲ ಸರಿಹೋಗುತ್ತದೆ ಎಂದು ನಾನೂ ನಂಬಿರಲಿಲ್ಲ.

ಮೀಟಿಂಗ್‌ನಲ್ಲಿ ಚೀಟಿ ಹಂಚಿದೆ. ನನ್ನ ಮೊಬೈಲ್ ಡ್ರಾಯರ್‌ನಲ್ಲಿತ್ತು. ಹತ್ತು ನಿಮಿಷ ಮೌನ, ಹೆಸರು ಬರೆಯುವಂತಿಲ್ಲ. ಮೂವತ್ತೊಂದು ಚೀಟಿ ಬಂದವು. ಹೆಚ್ಚಿನವು ಹಳೆಯವೇ, ಎರಡು ಪೂರ್ತಿ ಖಾಲಿ. ಒಂದರಲ್ಲಿ, "ಮುಚ್ಚಳದ ಮಡಿಕೆ ಒಳಮುಖವಾಗಿದ್ದರೆ?" ಎಂದಿತ್ತು. ಓದಿ ಹೇಳಿ, ಕೈ ಹಿಂದೆ ಕಟ್ಟಿಕೊಂಡು ಕಾದೆ. ಮೊದಲ ಸಲ ನಾಲ್ಕನೆಯ ಸೆಕೆಂಡಿಗೆ ನಾನೇ ಮಾತನಾಡಿಬಿಟ್ಟೆ. ಎರಡನೆಯ ಸಲ ತಡೆದುಕೊಂಡೆ. ಆಗ ಆ ವಿನ್ಯಾಸಕಿ ಎದ್ದು ಬಂದು, ಒಂದು ರಟ್ಟಿನ ತುಂಡನ್ನು ಮೇಜಿನ ಮೇಲೆ ಮಡಚಿ, ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಮುಚ್ಚಳ ಏಳಲಿಲ್ಲ. "ಏನು ಕಾಣಿಸಿತು ನಿಮಗೆ, ಮೊದಲಿನದರಲ್ಲಿ?" ಎಂದೆ. ಅವರು ಇಪ್ಪತ್ತು ನಿಮಿಷ ಮಾತನಾಡಿದರು. ರಟ್ಟಿನ ಎಳೆಯ ದಿಕ್ಕಿಗೆ ಅಡ್ಡಲಾಗಿ ಮಡಚಿದರೆ ಅದು ಹಿಂದಕ್ಕೆ ಸೆಟೆಯುತ್ತದೆ ಎಂಬುದನ್ನು ಎಂಟು ವರ್ಷ ಇದೇ ಕೆಲಸದಲ್ಲಿದ್ದು ನಾನು ಇಷ್ಟು ಸ್ಪಷ್ಟವಾಗಿ ಯೋಚಿಸಿರಲಿಲ್ಲ.

ಸೂಜಿದಾರ:
ಬಟ್ಟೆಗೂ ಎಳೆ ಇದೆ! ಎಳೆಯ ದಿಕ್ಕು ತಪ್ಪಿಸಿ ಕತ್ತರಿಸಿದರೆ ತೋಳು ತಿರುಚಿಕೊಳ್ಳುತ್ತದೆ. ಆ ಹುಡುಗಿಗೆ ನನ್ನ ಶಹಬ್ಬಾಸ್ ಹೇಳಿ.

ರಾತ್ರಿಪಾಳಿ:
ಓದಿ ಕಣ್ಣು ತುಂಬಿತು. ಒಂದೇ ಕೋರಿಕೆ. ಆ ಎರಡು ಖಾಲಿ ಚೀಟಿ ಯಾರದ್ದು ಎಂದು ಹುಡುಕಲು ಹೋಗಬೇಡಿ.

ಪೆಟ್ಟಿಗೆಯವನು:
ಹೋಗುವುದಿಲ್ಲ. ಮುಂದಿನ ಸೋಮವಾರವೂ ಅವರಿಗೆ ಚೀಟಿ ಕೊಡುತ್ತೇನೆ.